ಹಡಗಿಗೆ ಹಾದಿ ನೂರು, ಬಂದರಿಗೆ ನೆಲೆ ಒಂದೇ

ಭೂಪಟದಲ್ಲಿ ಕೆರಿಬಿಯನ್ ಸಮುದ್ರವು ಒಂದೇ ನೀಲಿಯ ಹಾಸು. ಉತ್ತರಕ್ಕೆ ಕ್ಯೂಬಾ, ಜಮೈಕಾ, ಹೈಟಿ, ಪೋರ್ಟೊರಿಕೊಗಳಂಥ ದೊಡ್ಡ ದ್ವೀಪಗಳು; ಪೂರ್ವಕ್ಕೆ ಬಿಲ್ಲಿನಂತೆ ಬಾಗಿ ನಿಂತ ಆಂಟಿಗುವಾ, ಡೊಮಿನಿಕಾ, ಸೇಂಟ್ ಲೂಸಿಯಾ, ಗ್ರೆನಾಡಾ ಮೊದಲಾದ ಸಣ್ಣ ದ್ವೀಪಗಳು; ದಕ್ಷಿಣ ಮತ್ತು ಪಶ್ಚಿಮಕ್ಕೆ ವೆನೆಜುವೆಲಾದಿಂದ ಮೆಕ್ಸಿಕೊದವರೆಗೆ ಹಬ್ಬಿದ ಭೂಖಂಡದ ತೀರ. ಬಾವುಟಗಳು ಹತ್ತಾರು, ಭಾಷೆಗಳು ನಾಲ್ಕಾರು, ನೀರು ಮಾತ್ರ ಒಂದು. ಒಂದು ದ್ವೀಪದ ಬಳಿ ಕದಡಿದ ಕೆಸರನ್ನೂ ಮತ್ತೊಂದರ ಬಳಿ ಎಸೆದ ಪ್ಲಾಸ್ಟಿಕ್ಕನ್ನೂ ಸಾಗಿಸುವ ಪ್ರವಾಹಕ್ಕೆ ಗಡಿರೇಖೆಯ ಪರಿಚಯವಿಲ್ಲ.

ಈ ಒಂದೇ ನೀರಿನ ದಡದಲ್ಲಿ ಕುಳಿತ ಬಂದರುಗಳು ಕಳೆದ ಐದು ದಶಕಗಳಿಂದ ಪರಸ್ಪರ ಪೈಪೋಟಿಗೆ ಬಿದ್ದಿವೆ. ಪೈಪೋಟಿಯ ವಸ್ತು ಸರಕು ಹಡಗಲ್ಲ, ಮೀನುಗಾರಿಕೆಯೂ ಅಲ್ಲ; ಸಾವಿರಾರು ಪ್ರವಾಸಿಗರನ್ನು ಹೊತ್ತು ಊರಿಂದೂರಿಗೆ ತೇಲುವ ವಿಹಾರ ನೌಕೆ. ಜಗತ್ತಿನ ವಿಹಾರ ನೌಕೋದ್ಯಮಕ್ಕೆ ಕೆರಿಬಿಯನ್ ಎಲ್ಲಕ್ಕಿಂತ ದೊಡ್ಡ ಮಾರುಕಟ್ಟೆ. 2024ರಲ್ಲಿ ಅಲ್ಲಿನ ಬಂದರುಗಳು ದಾಖಲಿಸಿದ ನೌಕಾಪ್ರಯಾಣಿಕರ ಭೇಟಿಗಳ ಸಂಖ್ಯೆ ಮೂರು ಕೋಟಿಯನ್ನು ಮೀರಿದೆ. ಅದೇ ಪ್ರಯಾಣಿಕ ನಾಲ್ಕು ಬಂದರುಗಳಲ್ಲಿ ಇಳಿದರೆ ನಾಲ್ಕು ಭೇಟಿಗಳೆಂದು ಎಣಿಕೆಯಾಗುತ್ತದೆ ಎಂಬುದನ್ನು ನೆನಪಿಟ್ಟರೂ ಇದು ಸಣ್ಣ ಸಂಖ್ಯೆಯಲ್ಲ. ಇಷ್ಟು ಜನ ಬಂದು ಹೋದ ಮೇಲೆ ದಡದಲ್ಲಿ ಉಳಿಯುವುದೇನು, ಸಮುದ್ರದಲ್ಲಿ ಉಳಿಯುವುದೇನು, ಬೆಟ್ಟದ ಮೇಲಿನ ರೈತನಿಗೆ ದಕ್ಕುವುದೇನು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾದ ಕಾಲ ಬಂದಿದೆ.

ಕೊಳ್ಳುವವರು ಕೆಲವರು, ಮಾರುವವರು ಹಲವರು

ಈ ವ್ಯವಹಾರದ ಒಳಗುಟ್ಟು ಸರಳವಾದದ್ದು. ಹಡಗು ಚಲಿಸುತ್ತದೆ, ಬಂದರು ಚಲಿಸುವುದಿಲ್ಲ. ಕಾರ್ನಿವಲ್, ರಾಯಲ್ ಕೆರಿಬಿಯನ್, ನಾರ್ವೇಜಿಯನ್ ಎಂಬ ಮೂರು ಕಂಪನಿ ಸಮೂಹಗಳು ಅಲ್ಲಿಯ ವ್ಯಾಪಾರದ ಬಹುಪಾಲನ್ನು ಹಿಡಿದಿಟ್ಟಿವೆ; ಜಿನೀವಾದಲ್ಲಿ ಕೇಂದ್ರ ಕಚೇರಿಯುಳ್ಳ ಎಂಎಸ್‌ಸಿ ನಾಲ್ಕನೆಯದಾಗಿ ಬೆಳೆಯುತ್ತಿದೆ. ಮೊದಲ ಮೂರರ ಮುಖ್ಯ ಕಚೇರಿಗಳೂ ಅಮೆರಿಕದ ಮಯಾಮಿ ನಗರದಲ್ಲಿವೆ. ಆದರೆ ಕಾಗದದ ಮೇಲೆ ಕಾರ್ನಿವಲ್ ಪನಾಮಾ ದೇಶದಲ್ಲಿ ಸ್ಥಾಪನೆಯಾದ ಕಂಪನಿ, ರಾಯಲ್ ಕೆರಿಬಿಯನ್ ಲೈಬೀರಿಯಾದ್ದು, ನಾರ್ವೇಜಿಯನ್ ಬರ್ಮುಡಾದ್ದು. ತೆರಿಗೆ ಮತ್ತು ಕಾರ್ಮಿಕ ಕಾನೂನುಗಳ ಭಾರ ಎಲ್ಲಿ ಕಡಿಮೆಯೋ ಅಲ್ಲಿ ನೋಂದಣಿ, ಗ್ರಾಹಕರು ಎಲ್ಲಿ ಹೆಚ್ಚೋ ಅಲ್ಲಿ ಕಚೇರಿ.

ಅಮೆರಿಕದ 1886ರ ಪ್ರಯಾಣಿಕ ನೌಕಾ ಕಾನೂನಿನ ಪ್ರಕಾರ ವಿದೇಶಿ ಬಾವುಟದ ಹಡಗು ಆ ದೇಶದ ಬಂದರುಗಳ ನಡುವೆ ಮಾತ್ರ ಪ್ರಯಾಣಿಕರನ್ನು ಸಾಗಿಸುವಂತಿಲ್ಲ. ನಡುವೆ ಹೊರದೇಶದ ಬಂದರೊಂದನ್ನು ಮುಟ್ಟಲೇಬೇಕು. ಹೀಗಾಗಿ ಫ್ಲಾರಿಡಾದಿಂದ ಹೊರಡುವ ನೌಕೆಗೆ ಕೆರಿಬಿಯನ್ ದ್ವೀಪಗಳ ಅಗತ್ಯ ಕಾನೂನಿನಲ್ಲಿಯೇ ಬರೆದಿದೆ. ತರ್ಕಕ್ಕೆ ನೋಡಿದರೆ ಇದು ದ್ವೀಪಗಳ ಕೈಗೆ ಸಿಕ್ಕ ಬಲವಾದ ಹಿಡಿ. ವಾಸ್ತವದಲ್ಲಿ ಆ ಬಲ ಅವುಗಳಿಗೆ ದಕ್ಕಿಲ್ಲ. ಕಾರಣ, ನೌಕೆಗೆ ಬೇಕಾದದ್ದು ಯಾವುದೋ ಒಂದು ದ್ವೀಪವೇ ಹೊರತು ಇಂಥದ್ದೇ ದ್ವೀಪವಲ್ಲ. ಏಳು ದಿನಗಳ ಯಾತ್ರೆಯಲ್ಲಿ ಮೂರು ನಾಲ್ಕು ಬಂದರುಗಳಿಗೆ ಮಾತ್ರ ಜಾಗ. ಕಾದು ನಿಂತವು ಹತ್ತಾರು. ಪಶ್ಚಿಮದ ಹಾದಿ ಹಿಡಿದರೆ ಕೊಜುಮೆಲ್, ಗ್ರ್ಯಾಂಡ್ ಕೇಮನ್, ಜಮೈಕಾ. ಪೂರ್ವದ ಹಾದಿ ಹಿಡಿದರೆ ನಸಾವ್, ಸೇಂಟ್ ಥಾಮಸ್, ಸೇಂಟ್ ಮಾರ್ಟನ್. ಒಂದು ಬಂದರು ಶುಲ್ಕ ಏರಿಸಿದರೆ ಮುಂದಿನ ವರ್ಷದ ವೇಳಾಪಟ್ಟಿಯಲ್ಲಿ ಅದರ ಹೆಸರು ಅಳಿಸಿ ಬೇರೊಂದರ ಹೆಸರು ಬರೆಯಲು ಮಯಾಮಿಯ ಕಚೇರಿಗೆ ಹೆಚ್ಚು ಹೊತ್ತು ಬೇಡ.

2017ರ ಸೆಪ್ಟೆಂಬರಿನಲ್ಲಿ ಇರ್ಮಾ ಮತ್ತು ಮರಿಯಾ ಚಂಡಮಾರುತಗಳು ಸೇಂಟ್ ಥಾಮಸ್, ಸೇಂಟ್ ಮಾರ್ಟನ್, ಡೊಮಿನಿಕಾಗಳನ್ನು ನೆಲಸಮ ಮಾಡಿದಾಗ ಈ ಸತ್ಯ ಬೆತ್ತಲಾಗಿ ಕಂಡಿತು. ಜನ ಸೂರಿಲ್ಲದೆ ಉಳಿದರು. ಹಡಗುಗಳು ಪಶ್ಚಿಮದ ಬಂದರುಗಳತ್ತ ಮೂತಿ ತಿರುಗಿಸಿ ಯಾತ್ರೆ ಮುಂದುವರಿಸಿದವು. ಇದನ್ನು ಕ್ರೌರ್ಯವೆನ್ನುವುದಕ್ಕಿಂತ ವ್ಯವಹಾರದ ಸ್ವಭಾವವೆನ್ನುವುದು ಸರಿ. ಆದರೆ ಅಂಥ ಸ್ವಭಾವದ ವ್ಯವಹಾರವನ್ನು ನೆಚ್ಚಿ ಇಡೀ ನಾಡಿನ ಬಾಳನ್ನು ಕಟ್ಟುವುದು ವಿವೇಕವೇ ಎಂಬುದು ಪ್ರಶ್ನೆ.

ಒಂದು ಹಳೆಯ ಊರು, ಒಂದು ಹೊಸ ಧಕ್ಕೆ

ಜಮೈಕಾದ ಉತ್ತರ ತೀರದ ಫಾಲ್ಮತ್ 1769ರಲ್ಲಿ ಹುಟ್ಟಿದ ಊರು. ಗುಲಾಮರ ಬೆವರಿನಿಂದ ಬೆಳೆದ ಕಬ್ಬಿನ ಸಕ್ಕರೆ ಈ ಬಂದರಿನಿಂದಲೇ ಯುರೋಪಿಗೆ ಹೋಗುತ್ತಿತ್ತು. ಸಕ್ಕರೆಯ ಕಾಲ ಮುಗಿದ ಮೇಲೆ ಊರು ಒಂದೂವರೆ ಶತಮಾನ ತೂಕಡಿಸಿತು. ಹಳೆಯ ಕಟ್ಟಡಗಳು ಹಾಗೆಯೇ ಉಳಿದವು. 2009ರಲ್ಲಿ ರಾಯಲ್ ಕೆರಿಬಿಯನ್ ಕಂಪನಿಯು ‘ಓಯಸಿಸ್ ಆಫ್ ದಿ ಸೀಸ್’ ಎಂಬ, ಐದು ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಹೊರಬಲ್ಲ ನೌಕೆಯನ್ನು ನೀರಿಗಿಳಿಸಿದಾಗ ಅದಕ್ಕೆ ತಕ್ಕ ಆಳದ ಬಂದರು ಬೇಕಾಯಿತು. ಜಮೈಕಾದ ಬಂದರು ಪ್ರಾಧಿಕಾರ ಮತ್ತು ಕಂಪನಿ ಸೇರಿ ಫಾಲ್ಮತ್‌ನಲ್ಲಿ ಧಕ್ಕೆ ಕಟ್ಟಿದವು. 2011ರಲ್ಲಿ ಅದು ತೆರೆಯಿತು. ಕಡಲ ತಳವನ್ನು ಅಗೆದು ಆಳಗೊಳಿಸಲಾಯಿತು. ಹವಳದ ದಿಬ್ಬಗಳು ದಾರಿಗೆ ಅಡ್ಡವಾಗಿದ್ದುದರಿಂದ ಲಕ್ಷಕ್ಕೂ ಮಿಕ್ಕಿದ ಹವಳಜೀವಿಗಳನ್ನು ಕಿತ್ತು ಬೇರೆಡೆ ನೆಡಲಾಯಿತು.

ಮಲೆನಾಡಿನ ಓದುಗರಿಗೆ ಈ ಕೊನೆಯ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ನೂರು ವರ್ಷದ ಮರವನ್ನು ಕಡಿದು ಅದಕ್ಕೆ ಬದಲಾಗಿ ಹತ್ತು ಸಸಿ ನೆಟ್ಟೆವು ಎನ್ನುವ ಲೆಕ್ಕದ ಕಡಲಿನ ಆವೃತ್ತಿಯಿದು. ಹವಳದ ದಿಬ್ಬವೆಂಬುದು ಕಲ್ಲುಗಳ ರಾಶಿಯಲ್ಲ. ಮೀನುಮರಿಗಳಿಗೆ ತೊಟ್ಟಿಲು, ದಡಕ್ಕೆ ಅಲೆತಡೆಯ ಗೋಡೆ, ಬಿಳಿ ಮರಳಿನ ಮೂಲ ಎಲ್ಲವೂ ಅದೇ. ಪ್ರವಾಸಿ ನೋಡಲು ಬರುವ ಸೌಂದರ್ಯವನ್ನೇ ಅಗೆದು ಅವನನ್ನು ಕರೆತರುವ ದಾರಿ ಮಾಡುವುದು ಕೊಂಬೆಯ ತುದಿಯಲ್ಲಿ ಕುಳಿತು ಬುಡ ಕಡಿದಂತೆ.

ಫಾಲ್ಮತ್ ಗೆದ್ದಾಗ ಸೋತದ್ದು ಯಾವುದು? ಅದೇ ದೇಶದ, ಅದೇ ತೀರದ ಓಚೊ ರಿಯೋಸ್. ಅಲ್ಲಿಗೆ ಬರುತ್ತಿದ್ದ ಹಡಗುಗಳಲ್ಲಿ ಹಲವು ಹೊಸ ಧಕ್ಕೆಗೆ ಹೋದವು. ಅಲ್ಲಿನ ಟ್ಯಾಕ್ಸಿ ಚಾಲಕರು, ಕರಕುಶಲ ವಸ್ತುಗಳ ಮಾರಾಟಗಾರರು ಖಾಲಿ ಕೈಯಲ್ಲಿ ಕುಳಿತರು. ದೇಶದ ಒಟ್ಟು ಲೆಕ್ಕದಲ್ಲಿ ಪ್ರಗತಿ ಎಂದು ಬರೆದದ್ದರ ಒಂದು ಪಾಲು ಒಂದು ಊರಿನ ಜೇಬಿನಿಂದ ಇನ್ನೊಂದು ಊರಿನ ಜೇಬಿಗೆ ಸರಿದ ಹಣವಷ್ಟೆ. ಫಾಲ್ಮತ್‌ನಲ್ಲಾದರೂ ಇಳಿದ ಪ್ರಯಾಣಿಕ ಮೊದಲು ಕಾಣುವುದು ಬೇಲಿಯೊಳಗಿನ ಅಂಗಡಿಸಾಲನ್ನು. ಎಲ್ಲ ಬಂದರುಗಳಲ್ಲಿಯೂ ಇರುವ ಅದೇ ವಜ್ರದಂಗಡಿ, ಅದೇ ಕೈಗಡಿಯಾರ, ಅದೇ ಸುಗಂಧ. ಬೇಲಿಯಾಚೆಗೆ ನಿಜವಾದ ಊರಿದೆ. ಎಂಟು ಗಂಟೆಗಳ ನಿಲುಗಡೆಯಲ್ಲಿ ಅಲ್ಲಿಯವರೆಗೆ ಹೋಗುವವರು ಕೆಲವರು ಮಾತ್ರ. ಸುತ್ತಾಟದ ಟಿಕೆಟ್ಟುಗಳೂ ಹೆಚ್ಚಾಗಿ ಹಡಗಿನಲ್ಲಿಯೇ ಮಾರಾಟವಾಗುತ್ತವೆ. ಅವುಗಳ ಬೆಲೆಯಲ್ಲಿ ಗಣನೀಯ ಪಾಲು ಹಡಗಿನವರಿಗೇ ಉಳಿಯುತ್ತದೆ.

ಬಾಳೆಯ ಬೆಟ್ಟದಿಂದ ಹಡಗುಕಟ್ಟೆಗೆ

ಈ ದ್ವೀಪಗಳು ಹೀಗೇಕೆ ಹಡಗಿಗೆ ಕೈಯೊಡ್ಡಿ ನಿಂತವು ಎಂಬ ಕಥೆ ಕೃಷಿಯಿಂದ ಆರಂಭವಾಗುತ್ತದೆ. ಡೊಮಿನಿಕಾ, ಸೇಂಟ್ ಲೂಸಿಯಾ, ಸೇಂಟ್ ವಿನ್ಸೆಂಟ್, ಗ್ರೆನಾಡಾ ದ್ವೀಪಗಳು ಕಡಲಿನಿಂದ ಮೇಲೆದ್ದ ಜ್ವಾಲಾಮುಖಿ ಬೆಟ್ಟಗಳು. ಕಡಿದಾದ ಇಳಿಜಾರು, ಧಾರಾಕಾರ ಮಳೆ, ಸಣ್ಣ ಹಿಡುವಳಿ. ಅಲ್ಲಿ ಬಾಳೆ ಬೆಳೆದವರು ಕೆಲವೇ ಎಕರೆಗಳ ರೈತರು. ಲಾಟಿನ್ ಅಮೆರಿಕದ ಬಯಲಿನಲ್ಲಿ ಬಹುರಾಷ್ಟ್ರೀಯ ಕಂಪನಿಗಳು ಬೆಳೆಯುವ ಬಾಳೆಯ ಅಗ್ಗದ ಬೆಲೆಗೆ ಇವರು ಮಾರಲಾರರು. 1975ರ ಲೋಮೆ ಒಪ್ಪಂದದಡಿ ಯುರೋಪಿನ ಮಾರುಕಟ್ಟೆಯಲ್ಲಿ ದೊರೆತ ಆದ್ಯತೆಯೇ ಇವರ ಬೆನ್ನೆಲುಬಾಗಿತ್ತು. ವಾರಕ್ಕೊಮ್ಮೆ ಬರುವ ಬಾಳೆಯ ಹಡಗು ವಾರಕ್ಕೊಮ್ಮೆ ಕೈಗೆ ಬರುವ ಹಣವಾಗಿತ್ತು.

1996ರಲ್ಲಿ ಅಮೆರಿಕ, ಈಕ್ವೆಡಾರ್, ಗ್ವಾಟೆಮಾಲಾ, ಹೊಂಡುರಾಸ್, ಮೆಕ್ಸಿಕೊ ದೇಶಗಳು ಈ ಆದ್ಯತೆಯ ವಿರುದ್ಧ ವಿಶ್ವ ವಾಣಿಜ್ಯ ಸಂಸ್ಥೆಗೆ ದೂರು ಕೊಟ್ಟವು. 1997ರಲ್ಲಿ ತೀರ್ಪು ಯುರೋಪಿನ ವಿರುದ್ಧ ಬಂತು. ವರ್ಷಗಟ್ಟಲೆ ಎಳೆದಾಡಿ 2009ರ ಡಿಸೆಂಬರಿನ ಜಿನೀವಾ ಒಡಂಬಡಿಕೆಯೊಂದಿಗೆ ವ್ಯಾಜ್ಯ ತೀರ್ಮಾನದ ಹಾದಿ ಹಿಡಿಯಿತು. ಅಷ್ಟರೊಳಗೆ ಸಾವಿರಾರು ರೈತರು ಬಾಳೆಯನ್ನು ಬಿಟ್ಟಾಗಿತ್ತು. ಸೇಂಟ್ ಕಿಟ್ಸ್ ದ್ವೀಪ ಮೂರು ಶತಮಾನಗಳ ಸಕ್ಕರೆ ಉದ್ಯಮವನ್ನು 2005ರಲ್ಲಿ ಮುಚ್ಚಿತು. ಕಬ್ಬು ಸಾಗಿಸಲು ಹಾಕಿದ್ದ ಕಿರುರೈಲಿನ ಹಳಿಗಳ ಮೇಲೆ ಈಗ ಪ್ರವಾಸಿಗರ ರೈಲು ಓಡುತ್ತದೆ. ಕಿಟಕಿಯಾಚೆ ಕಾಣುವುದು ಬೀಳುಬಿದ್ದ ಗದ್ದೆಗಳು.

ಹೊಲದಿಂದ ಹೊರಬಿದ್ದ ಕೈಗಳಿಗೆ ಹಡಗು ಕೆಲಸ ಕೊಡುತ್ತದೆಂಬ ನಂಬಿಕೆಯಲ್ಲಿ ಸರ್ಕಾರಗಳು ಧಕ್ಕೆಗಳಿಗೆ ಸಾಲ ತಂದವು. ಒಬ್ಬ ದೂರದ ಕೊಳ್ಳುವವನ ಮೇಲಿನ ಅವಲಂಬನೆ ಹೋಗಿ ಮತ್ತೊಬ್ಬ ದೂರದ ಕೊಳ್ಳುವವನ ಮೇಲಿನ ಅವಲಂಬನೆ ಬಂತು. ಆದರೆ ಎರಡಕ್ಕೂ ಒಂದು ವ್ಯತ್ಯಾಸವಿದೆ. ಬಾಳೆಯ ಹಡಗು ಬೆಟ್ಟದ ಫಸಲನ್ನು ಹೊತ್ತೊಯ್ಯುತ್ತಿತ್ತು. ವಿಹಾರ ನೌಕೆ ತನ್ನ ಊಟವನ್ನು ತಾನೇ ತರುತ್ತದೆ. ಹೊರಡುವ ಬಂದರಿನಲ್ಲಿಯೇ ವಾರಕ್ಕೆ ಬೇಕಾದ ಅಕ್ಕಿ, ಮಾಂಸ, ತರಕಾರಿ, ಹಣ್ಣು ಎಲ್ಲವನ್ನೂ ಸಗಟಾಗಿ ತುಂಬಿಕೊಳ್ಳುತ್ತದೆ. ಪ್ರಯಾಣದರದಲ್ಲಿಯೇ ಊಟವೂ ಸೇರಿರುವುದರಿಂದ ಪ್ರಯಾಣಿಕ ದಡದಲ್ಲಿ ಉಣ್ಣುವ ಅಗತ್ಯವೂ ಕಡಿಮೆ. ಐದು ಸಾವಿರ ಜನರ ಒಂದು ಊರೇ ಬೆಳಿಗ್ಗೆ ಬಂದು ಸಂಜೆ ಹೋದರೂ ಬೆಟ್ಟದ ಗೆಣಸು, ಬಾಳೆ, ಜೀಗುಜ್ಜೆಗೆ ಹೊಸ ಗಿರಾಕಿ ಹುಟ್ಟುವುದಿಲ್ಲ. ಕೃಷಿಯ ದೃಷ್ಟಿಯಿಂದ ಇದಕ್ಕಿಂತ ದೊಡ್ಡ ನಷ್ಟ ಮತ್ತೊಂದಿಲ್ಲ. ದ್ವೀಪದ ಹೋಟೆಲಿನಲ್ಲಿ ವಾರ ತಂಗುವ ಪ್ರವಾಸಿ ಕೊನೆಗೆ ಆ ನೆಲದ ಒಂದಿಷ್ಟು ತರಕಾರಿಯನ್ನಾದರೂ ತಿನ್ನುತ್ತಾನೆ.

ಒಂದೂವರೆ ಡಾಲರಿನ ಪಾಠ

ಬಂದರುಗಳು ಒಗ್ಗೂಡಿದರೆ ಏನಾದೀತು ಎಂಬ ಯೋಚನೆ ಅಲ್ಲಿಯವರಿಗೆ ಹೊಳೆಯದೆ ಇರಲಿಲ್ಲ. 1990ರ ದಶಕದಲ್ಲಿ ಕೆರಿಬಿಯನ್ ಸಮುದಾಯದ ದೇಶಗಳು ಪ್ರತಿ ಪ್ರಯಾಣಿಕನ ಮೇಲೆ ಕನಿಷ್ಠ 10 ಡಾಲರ್ ಏಕರೂಪದ ತಲೆಗಂದಾಯ ವಿಧಿಸುವ ಮಾತಾಡಿದವು. ಹಡಗು ಕಂಪನಿಗಳು ವಿರೋಧಿಸಿದವು. ಒಂದೊಂದು ದೇಶದೊಂದಿಗೆ ಪ್ರತ್ಯೇಕ ಒಪ್ಪಂದ ನಡೆಯಿತು, ಒಗ್ಗಟ್ಟು ಕರಗಿತು. ಕಂಪನಿಗಳಿಗೆ 1972ರಿಂದಲೇ ಫ್ಲಾರಿಡಾ-ಕೆರಿಬಿಯನ್ ವಿಹಾರ ನೌಕಾ ಸಂಘವೆಂಬ ಒಂದೇ ದನಿಯಿದೆ; ದ್ವೀಪಗಳಿಗೆ ಅಂಥ ಒಂದೇ ದನಿ ಇಂದಿಗೂ ಕೂಡಿಬಂದಿಲ್ಲ.

ಇದಕ್ಕಿಂತ ಕಣ್ತೆರೆಸುವ ಉದಾಹರಣೆ ಗ್ರೆನಾಡಾದ್ದು. ಪೂರ್ವ ಕೆರಿಬಿಯನ್ ದ್ವೀಪಗಳಲ್ಲಿ ಕಸ ವಿಲೇವಾರಿಯ ವ್ಯವಸ್ಥೆಗೆಂದು ವಿಶ್ವ ಬ್ಯಾಂಕಿನ ನೆರವಿನ ಯೋಜನೆಯೊಂದು ರೂಪುಗೊಂಡಿತ್ತು. ಅದರ ವೆಚ್ಚಕ್ಕಾಗಿ ನೌಕಾಪ್ರಯಾಣಿಕನೊಬ್ಬನಿಗೆ ಒಂದೂವರೆ ಡಾಲರ್ ಶುಲ್ಕ ನಿಗದಿಯಾಯಿತು. ಗ್ರೆನಾಡಾ ಅದನ್ನು ವಸೂಲಿ ಮಾಡಹೊರಟಾಗ, 1999ರಲ್ಲಿ ಕಾರ್ನಿವಲ್ ಕಂಪನಿಯು ಆ ದ್ವೀಪವನ್ನೇ ತನ್ನ ವೇಳಾಪಟ್ಟಿಯಿಂದ ಕೈಬಿಟ್ಟಿತು. ಒಂದು ಲೋಟ ತಂಪು ಪಾನೀಯದ ಬೆಲೆಯೂ ಇಲ್ಲದ ಮೊತ್ತಕ್ಕಾಗಿ ಒಂದು ದೇಶವನ್ನು ದಾರಿಯಿಂದ ತೆಗೆದುಹಾಕಲು ಸಾಧ್ಯವೆಂದಾದರೆ ಅಲ್ಲಿ ನಡೆಯುತ್ತಿರುವುದು ಚೌಕಾಸಿಯಲ್ಲ, ಶಿಸ್ತಿನ ಪಾಠ. ಆ ಪಾಠವನ್ನು ಕಲಿತದ್ದು ಗ್ರೆನಾಡಾ ಒಂದೇ ಅಲ್ಲ. ನೋಡುತ್ತ ನಿಂತಿದ್ದ ಉಳಿದ ದ್ವೀಪಗಳೂ ಕಲಿತವು.

ದೊಡ್ಡ ದೇಶಗಳಿಗೂ ಈ ಒತ್ತಡ ತಪ್ಪಿದ್ದಲ್ಲ. 2024ರ ಡಿಸೆಂಬರಿನಲ್ಲಿ ಮೆಕ್ಸಿಕೊದ ಸಂಸತ್ತು ನೌಕಾಪ್ರಯಾಣಿಕರ ಮೇಲೆ 42 ಡಾಲರ್ ಶುಲ್ಕಕ್ಕೆ ಒಪ್ಪಿಗೆ ನೀಡಿತು. ಹಡಗುಗಳು ಬೇರೆ ಬಂದರುಗಳಿಗೆ ಹೋಗುವವೆಂಬ ಎಚ್ಚರಿಕೆ ಬಂದೊಡನೆ ಮಾತುಕತೆ ನಡೆದು, 2025ರ ಜುಲೈಯಿಂದ 5 ಡಾಲರ್ ಎಂದಾಯಿತು. ಹಂತಹಂತವಾಗಿ ಏರಿ 2028ಕ್ಕೆ 21 ಡಾಲರ್ ತಲಪಬೇಕೆಂಬುದು ಒಪ್ಪಂದ. ಕೊಜುಮೆಲ್‌ನಂಥ, ಜಗತ್ತಿನಲ್ಲಿಯೇ ಅತಿ ಹೆಚ್ಚು ನೌಕೆಗಳು ಬರುವ ಬಂದರುಗಳಲ್ಲೊಂದನ್ನು ಕೈಯಲ್ಲಿಟ್ಟುಕೊಂಡ ದೇಶವೇ ಹೀಗೆ ಬಾಗಬೇಕಾದರೆ ಲಕ್ಷ ಜನಸಂಖ್ಯೆಯ ದ್ವೀಪದ ಪಾಡೇನು?

ದ್ವೀಪವೇ ಹಡಗಿನ ಹಿತ್ತಲಾದಾಗ

ಪೈಪೋಟಿಯ ಹೊಸ ಘಟ್ಟದಲ್ಲಿ ಕಂಪನಿಗಳು ಬಂದರುಗಳನ್ನು ಒಂದರ ವಿರುದ್ಧ ಇನ್ನೊಂದನ್ನು ನಿಲ್ಲಿಸುವುದನ್ನೂ ದಾಟಿ ತಾವೇ ಬಂದರುಗಳಾಗುತ್ತಿವೆ. ನಾರ್ವೇಜಿಯನ್ ಕಂಪನಿ 1977ರಲ್ಲಿ ಬಹಾಮಾಸ್‌ನ ಗ್ರೇಟ್ ಸ್ಟಿರಪ್ ಕೇ ದ್ವೀಪವನ್ನು ತನ್ನದಾಗಿಸಿಕೊಂಡಿತು. 1986ರಿಂದ ರಾಯಲ್ ಕೆರಿಬಿಯನ್ ಹೈಟಿಯ ಲಾಬಾಡೀ ತೀರವನ್ನು ಗುತ್ತಿಗೆಗೆ ಪಡೆದು ಬೇಲಿ ಹಾಕಿತು. 2010ರ ಜನವರಿಯ ಭೀಕರ ಭೂಕಂಪದ ಕೆಲವೇ ದಿನಗಳಲ್ಲಿ ಅಲ್ಲಿ ಮತ್ತೆ ಪ್ರವಾಸಿಗರು ಇಳಿದುದು ಜಗತ್ತಿನಾದ್ಯಂತ ಚರ್ಚೆಗೆ ಕಾರಣವಾಯಿತು. 2019ರಲ್ಲಿ ಅದೇ ಕಂಪನಿ ಕೊಕೊಕೇ ದ್ವೀಪವನ್ನು 25 ಕೋಟಿ ಡಾಲರ್ ವೆಚ್ಚದಲ್ಲಿ ಜಲಕ್ರೀಡೆಯ ತಾಣವಾಗಿಸಿತು. 2025ರ ಜುಲೈಯಲ್ಲಿ ಕಾರ್ನಿವಲ್ ಗ್ರ್ಯಾಂಡ್ ಬಹಾಮಾದಲ್ಲಿ 60 ಕೋಟಿ ಡಾಲರಿನ ಸ್ವಂತ ತಾಣವನ್ನು ತೆರೆಯಿತು.

ಇಂಥ ತಾಣದಲ್ಲಿ ಪ್ರಯಾಣಿಕ ಕುಡಿಯುವ ನೀರಿನಿಂದ ಮಲಗುವ ಕುರ್ಚಿಯವರೆಗೆ ಎಲ್ಲದರ ಹಣ ಹಡಗಿನ ಖಾತೆಗೇ ಹೋಗುತ್ತದೆ. ಊರಿನ ಟ್ಯಾಕ್ಸಿಯವನಿಗೆ, ಹಣ್ಣು ಮಾರುವವಳಿಗೆ ಅಲ್ಲಿ ಪ್ರವೇಶ ಕಂಪನಿಯ ಅನುಮತಿಯಿಂದ ಮಾತ್ರ. ಬಹಾಮಾಸ್ ಸರ್ಕಾರ 2024ರಿಂದ ಖಾಸಗಿ ದ್ವೀಪಗಳಿಗೆ ಮಾತ್ರ ಹೋಗುವ ಪ್ರಯಾಣಿಕರಿಗೆ ನಸಾವ್ ಅಥವಾ ಫ್ರೀಪೋರ್ಟಿಗೆ ಬರುವವರಿಗಿಂತ ಹೆಚ್ಚಿನ ಶುಲ್ಕ ವಿಧಿಸಿದ್ದು ಈ ಅಪಾಯದ ಅರಿವಿನಿಂದಲೇ.

ಇತ್ತ ಸಾರ್ವಜನಿಕ ಬಂದರುಗಳೂ ಬೇರೆಯವರ ಕೈಗೆ ಸಾಗುತ್ತಿವೆ. ತುರ್ಕಿ ಮೂಲದ ಗ್ಲೋಬಲ್ ಪೋರ್ಟ್ಸ್ ಹೋಲ್ಡಿಂಗ್ ಎಂಬ ಒಂದೇ ಸಂಸ್ಥೆ 2019ರಲ್ಲಿ ಆಂಟಿಗುವಾ ಮತ್ತು ನಸಾವ್, 2024ರಲ್ಲಿ ಸೇಂಟ್ ಲೂಸಿಯಾ ಮತ್ತು ಪೋರ್ಟೊರಿಕೊದ ಸ್ಯಾನ್ ಹುವಾನ್ ವಿಹಾರ ಬಂದರುಗಳ ನಿರ್ವಹಣೆಯನ್ನು ದಶಕಗಳ ಗುತ್ತಿಗೆಗೆ ಪಡೆಯಿತು. ಹಡಗಿನವರೂ ಕೂಡಿದರು, ಧಕ್ಕೆಯವರೂ ಕೂಡಿದರು. ಚದುರಿ ಉಳಿದವರು ದಡದ ಜನ ಮಾತ್ರ.

ಸಮುದ್ರದ ಖಾತೆ

ಲೆಕ್ಕಪತ್ರದಲ್ಲಿ ಎಲ್ಲಿಯೂ ಕಾಣದ ಖಾತೆಯೊಂದಿದೆ, ಅದು ಸಮುದ್ರದ್ದು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ದಡದಿಂದ 12 ನಾವಿಕ ಮೈಲಿಗಳಾಚೆ ಹಡಗು ತನ್ನ ಶೌಚನೀರನ್ನು ಸಂಸ್ಕರಿಸದೆಯೇ ಬಿಡಬಹುದು. ವಿಶಾಲ ಕೆರಿಬಿಯನ್ ವಲಯವನ್ನು ಕಸ ಎಸೆಯಬಾರದ ವಿಶೇಷ ಪ್ರದೇಶವೆಂದು 1991ರಲ್ಲಿಯೇ ಗುರುತಿಸಲಾಗಿತ್ತು. ಆದರೆ ಬಂದರುಗಳಲ್ಲಿ ಕಸ ಸ್ವೀಕರಿಸುವ ವ್ಯವಸ್ಥೆ ಸಾಲದೆ ಆ ನಿಯಮ ಜಾರಿಯಾದದ್ದು 2011ರ ಮೇ ತಿಂಗಳಿನಲ್ಲಿ. ಎರಡು ದಶಕಗಳ ಈ ವಿಳಂಬವನ್ನು ಗ್ರೆನಾಡಾದ ಒಂದೂವರೆ ಡಾಲರಿನ ಪಕ್ಕದಲ್ಲಿಟ್ಟು ಓದಬೇಕು.

ನಿಯಮವಿದ್ದ ಮಾತ್ರಕ್ಕೆ ಪಾಲನೆಯಾಗುತ್ತದೆಂಬ ಭರವಸೆಯೂ ಇಲ್ಲ. ಕಾರ್ನಿವಲ್ ಸಮೂಹದ ಪ್ರಿನ್ಸೆಸ್ ಕಂಪನಿ ಎಣ್ಣೆ ಬೆರೆತ ಕೊಳಕು ನೀರನ್ನು ಕಳ್ಳ ಕೊಳವೆಯ ಮೂಲಕ ಕಡಲಿಗೆ ಬಿಟ್ಟುದನ್ನು 2016ರಲ್ಲಿ ಒಪ್ಪಿಕೊಂಡು 4 ಕೋಟಿ ಡಾಲರ್ ದಂಡಕ್ಕೆ ಒಳಗಾಯಿತು. ಆ ಬಳಿಕದ ನಿಗಾವಣೆಯ ಅವಧಿಯಲ್ಲಿಯೇ ಬಹಾಮಾಸ್‌ನ ನೀರಿಗೆ ಪ್ಲಾಸ್ಟಿಕ್ ಬೆರೆತ ಆಹಾರತ್ಯಾಜ್ಯ ಎಸೆದದ್ದೂ ಸೇರಿದಂತೆ ಷರತ್ತುಗಳ ಉಲ್ಲಂಘನೆಗಾಗಿ 2019ರಲ್ಲಿ ಸಮೂಹವು ಮತ್ತೆ 2 ಕೋಟಿ ಡಾಲರ್ ತೆತ್ತಿತು. ಗಮನಿಸಬೇಕಾದ ಸಂಗತಿಯೆಂದರೆ, ದಂಡ ವಿಧಿಸಿದ್ದು ಅಮೆರಿಕದ ನ್ಯಾಯಾಲಯ. ದ್ವೀಪಗಳಿಗೆ ಅಂಥ ತನಿಖೆ ನಡೆಸುವ ಶಕ್ತಿಯೂ ಕಡಿಮೆ, ಧೈರ್ಯವೂ ಕಡಿಮೆ.

ಹವಳಗಳಿಗಂತೂ ಸಂಕಷ್ಟಗಳ ಸರಮಾಲೆ. 2014ರಲ್ಲಿ ಫ್ಲಾರಿಡಾದ ಬಳಿ ಮೊದಲು ಕಂಡ ಅಂಗಾಂಶ ಕ್ಷಯ ರೋಗ ಕೆಲವೇ ವರ್ಷಗಳಲ್ಲಿ ಕೆರಿಬಿಯನ್ನಿನ ಅನೇಕ ದೇಶಗಳಿಗೆ ಹಬ್ಬಿತು. 2023ರ ಬೇಸಿಗೆಯಲ್ಲಿ ಕಡಲು ಕಾದು ಹವಳಗಳು ಬಿಳಿಚಿದವು. ಈ ಎಲ್ಲಕ್ಕೂ ವಿಹಾರ ನೌಕೆಯೇ ಕಾರಣವೆನ್ನುವುದು ಅವೈಜ್ಞಾನಿಕ. ಆದರೆ ರೋಗಿಯ ಎದೆಯ ಮೇಲೆ ಹೊಸ ಭಾರ ಹೇರುವ ಮುನ್ನ ಯೋಚಿಸಬೇಕೆನ್ನುವುದು ವಿಜ್ಞಾನ. ಜಗತ್ತಿನಲ್ಲಿ ಅತಿ ದೊಡ್ಡ ನೌಕೆ ಇಳಿದಂತೆಲ್ಲ ಅದಕ್ಕೆ ತಕ್ಕಂತೆ ಹತ್ತಾರು ಬಂದರುಗಳು ತಮ್ಮ ತಳವನ್ನು ಅಗೆಯುವ ಪರಿಪಾಠ ಮುಂದುವರಿದರೆ, ಪ್ರತಿ ಬಂದರಿನ ಪರಿಸರ ವರದಿಯಲ್ಲಿ ಹಾನಿ ‘ಅಲ್ಪ’ವೆಂದೇ ಬರೆದಿದ್ದರೂ ಒಟ್ಟು ಸಮುದ್ರಕ್ಕಾಗುವುದು ಅಲ್ಪವಲ್ಲ. ಬೇರೆಬೇರೆ ಕಣಿವೆಗಳಲ್ಲಿ ಬೇರೆಬೇರೆಯಾಗಿ ಮಂಜೂರಾದ ಕಿರು ಯೋಜನೆಗಳು ಕೂಡಿ ಒಂದು ನದಿಯನ್ನೇ ಮುಗಿಸುವುದನ್ನು ಬಲ್ಲವರಿಗೆ ಈ ಗಣಿತ ಹೊಸದಲ್ಲ.

ಇನ್ನೊಂದು ಪಕ್ಷದ ಮಾತು

ಹಡಗು ಬೇಡವೆನ್ನುವುದು ಸುಲಭ, ಅನ್ನದ ದಾರಿ ತೋರುವುದು ಕಷ್ಟ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. 2017ರ ಮರಿಯಾ ಚಂಡಮಾರುತ ಡೊಮಿನಿಕಾಕ್ಕೆ ಮಾಡಿದ ಹಾನಿ ಆ ದೇಶದ ವಾರ್ಷಿಕ ಉತ್ಪನ್ನದ ಎರಡು ಪಟ್ಟಿಗೂ ಹೆಚ್ಚು. ಹೊಲ ಮತ್ತೆ ಫಲ ಕೊಡಲು ವರ್ಷಗಳು ಬೇಕು. ಧಕ್ಕೆ ಸರಿಯಾದರೆ ಹಡಗು ತಿಂಗಳುಗಳಲ್ಲಿ ಬರುತ್ತದೆ. ಟ್ಯಾಕ್ಸಿ ಓಡಿಸುವವರು, ದಾರಿ ತೋರುವವರು, ಬುಟ್ಟಿ ಹೆಣೆಯುವವರು ಹಡಗಿನ ಸಿಳ್ಳೆಗೆ ಕಾಯುತ್ತಾರೆ. 2020ರ ಮಾರ್ಚಿಯಲ್ಲಿ ಕೋವಿಡ್ ಕಾರಣದಿಂದ ನೌಕೆಗಳು ನಿಂತು ವರ್ಷಕ್ಕೂ ಹೆಚ್ಚು ಕಾಲ ಬಾರದೆ ಹೋದಾಗ ಈ ಕುಟುಂಬಗಳು ಅನುಭವಿಸಿದ ಕಷ್ಟ ನಿಜವಾದದ್ದು.

ಆದರೆ ಅದೇ ವರ್ಷ ಮತ್ತೊಂದು ಸತ್ಯವನ್ನೂ ತೋರಿಸಿತು. ಒಂದೇ ಕಂಬಕ್ಕೆ ಕಟ್ಟಿದ ಚಪ್ಪರ ಆ ಕಂಬ ಅಲುಗಿದರೆ ಬೀಳುತ್ತದೆ. ಹಾಗಾಗಿ ಪ್ರಶ್ನೆ ಹಡಗು ಬೇಕೋ ಬೇಡವೋ ಎಂಬುದಲ್ಲ. ಎಷ್ಟು ಹಡಗು, ಯಾರ ಷರತ್ತಿನ ಮೇಲೆ, ಯಾರ ಖರ್ಚಿನಲ್ಲಿ ಎಂಬುದು.

ಈ ಪ್ರಶ್ನೆಯನ್ನು ಕೇಳಿದ ಜನರಿದ್ದಾರೆ. ಕೇಮನ್ ದ್ವೀಪಗಳ ಜಾರ್ಜ್ ಟೌನ್‌ನಲ್ಲಿ ಧಕ್ಕೆ ಕಟ್ಟಲು ಹವಳದ ದಿಬ್ಬಗಳನ್ನು ಅಗೆಯುವ ಯೋಜನೆ ಬಂದಾಗ 2019ರಲ್ಲಿ ಅಲ್ಲಿನ ನಾಗರಿಕರು ಮನೆಮನೆಗೆ ಹೋಗಿ, ಮತದಾರರಲ್ಲಿ ಕಾಲುಭಾಗದ ಸಹಿ ಸಂಗ್ರಹಿಸಿ ಜನಮತಗಣನೆಗೆ ಒತ್ತಾಯಿಸಿದರು. ಯೋಜನೆ ಕೈಬಿಟ್ಟುಹೋಯಿತು. 2025ರ ಏಪ್ರಿಲ್ 30ರಂದು ವಿಹಾರ ನೌಕೆಗಳ ಧಕ್ಕೆ ಬೇಕೇ ಎಂಬ ಪ್ರಶ್ನೆಯನ್ನು ನೇರವಾಗಿ ಜನರ ಮುಂದಿಟ್ಟಾಗ ಬಹುಮತ ಬೇಡವೆಂದಿತು. ಫ್ಲಾರಿಡಾದ ತುದಿಯ ಕೀ ವೆಸ್ಟ್ ಪಟ್ಟಣದ ಮತದಾರರು 2020ರ ನವೆಂಬರಿನಲ್ಲಿ ದಿನಕ್ಕೆ 1,500ಕ್ಕಿಂತ ಹೆಚ್ಚು ನೌಕಾಪ್ರಯಾಣಿಕರು ಇಳಿಯಬಾರದೆಂದು ತೀರ್ಮಾನಿಸಿದರು. 2021ರಲ್ಲಿ ರಾಜ್ಯ ಸರ್ಕಾರ ಕಾನೂನು ಮಾಡಿ ಆ ತೀರ್ಮಾನವನ್ನು ರದ್ದುಗೊಳಿಸಿತು. ಒಂದು ಕಡೆ ಗೆಲುವು, ಇನ್ನೊಂದು ಕಡೆ ಸೋಲು. ಎರಡರಿಂದಲೂ ತಿಳಿಯುವುದು ಇಷ್ಟು: ದಡದ ಜನರನ್ನು ಕೇಳಿದರೆ ಅವರು ಅಭಿವೃದ್ಧಿಯ ವಿರೋಧಿಗಳಂತೆ ಅಲ್ಲ, ಮನೆಯ ಯಜಮಾನರಂತೆ ಉತ್ತರಿಸುತ್ತಾರೆ.

ಮಾಡಬೇಕಾದುದು ಅಸಾಧ್ಯವಾದುದೇನೂ ಅಲ್ಲ. ಮೊದಲನೆಯದು, ಒಂದು ಸಮುದ್ರಕ್ಕೆ ಒಂದು ಕನಿಷ್ಠ ಶುಲ್ಕ. ಅದಕ್ಕಿಂತ ಕೆಳಗೆ ಯಾರೂ ಇಳಿಯದಂತೆ ಪರಸ್ಪರ ವಚನ. ಎರಡನೆಯದು, ಆ ಶುಲ್ಕದ ಗೊತ್ತಾದ ಪಾಲು ಕಸ, ಕೊಳಚೆ, ಹವಳಗಳ ರಕ್ಷಣೆಗೇ ಮೀಸಲು. ಮೂರನೆಯದು, ಹೊಸ ಧಕ್ಕೆಯ ಪರಿಸರ ಪರಿಣಾಮವನ್ನು ಆ ಒಂದು ಕೊಲ್ಲಿಗೆ ಸೀಮಿತಗೊಳಿಸದೆ ಇಡೀ ಜಲವಲಯದ ಒಟ್ಟು ಲೆಕ್ಕದಲ್ಲಿ ಅಳೆಯುವುದು. 1983ರ ಕಾರ್ಟಹೇನಾ ಒಪ್ಪಂದ ಈ ಸಮುದ್ರವನ್ನು ಒಟ್ಟಾಗಿ ಕಾಯುವ ಮಾತನ್ನು ಈಗಾಗಲೇ ಕೊಟ್ಟಿದೆ. ವೇದಿಕೆ ಇದೆ, ಏರುವ ಮನಸ್ಸು ಬೇಕು. ನಾಲ್ಕನೆಯದು, ಬಂದರಿಗೆ ಬರುವ ಹಡಗು ದ್ವೀಪದ ಬೆಟ್ಟದ ಫಸಲಿನ ಒಂದು ಪಾಲನ್ನಾದರೂ ಕೊಳ್ಳಬೇಕೆಂಬ ಷರತ್ತು. ರೈತರ ಸಹಕಾರ ಸಂಘಗಳು ಗುಣಮಟ್ಟ ಮತ್ತು ಪ್ರಮಾಣದ ಹೊಣೆ ಹೊತ್ತರೆ ಇದು ಭಿಕ್ಷೆಯಲ್ಲ, ವ್ಯಾಪಾರ.

ಅರಬ್ಬೀ ಸಮುದ್ರದ ದಡದಲ್ಲಿ

ದೂರದ ದ್ವೀಪಗಳ ಈ ವೃತ್ತಾಂತ ಘಟ್ಟದ ಮೇಲಿನವರಿಗೆ ಏಕೆ ಬೇಕು ಎಂದು ಕೇಳಬಹುದು. ಭಾರತ ಸರ್ಕಾರ 2024ರ ಸೆಪ್ಟೆಂಬರ್ 30ರಂದು ಕ್ರೂಸ್ ಭಾರತ ಮಿಷನ್ ಆರಂಭಿಸಿ, 2029ರೊಳಗೆ ನೌಕಾಪ್ರಯಾಣಿಕರ ಸಂಖ್ಯೆಯನ್ನು ಇಮ್ಮಡಿಗೊಳಿಸುವ ಗುರಿ ಇಟ್ಟಿದೆ. ಪಶ್ಚಿಮ ಕರಾವಳಿಯಲ್ಲಿ ಮುಂಬೈ, ಮರ್ಮಗೋವಾ, ನವಮಂಗಳೂರು, ಕೊಚ್ಚಿ ಬಂದರುಗಳು ಅದೇ ಹಡಗುಗಳತ್ತ ಕಣ್ಣಿಟ್ಟಿವೆ. ನವಮಂಗಳೂರಿನಲ್ಲಿ ಇಳಿದವರು ಕಾರ್ಕಳ, ಮೂಡುಬಿದಿರೆಗಳನ್ನು ನೋಡಿ ಸಂಜೆಗೆ ಹಡಗು ಸೇರುತ್ತಾರೆ. 2020ರ ಆಗಸ್ಟಿನಲ್ಲಿಯೇ ಕೇಂದ್ರ ಸರ್ಕಾರ ವಿಹಾರ ನೌಕೆಗಳ ಬಂದರು ಶುಲ್ಕವನ್ನು ಶೇಕಡ 60ರಿಂದ 70ರಷ್ಟು ಇಳಿಸಿತ್ತು. 2021ರ ಪ್ರಮುಖ ಬಂದರು ಪ್ರಾಧಿಕಾರಗಳ ಕಾಯ್ದೆ ದರ ನಿಗದಿಯ ಅಧಿಕಾರವನ್ನು ಆಯಾ ಬಂದರಿನ ಮಂಡಳಿಗೇ ಒಪ್ಪಿಸಿದೆ. ಪೈಪೋಟಿಯ ಅಂಗಳ ಇಲ್ಲಿಯೂ ಸಿದ್ಧವಾಗಿದೆ.

ಕೆರಿಬಿಯನ್ನಿಗೆ ಇಲ್ಲದ ಒಂದು ಅನುಕೂಲ ಇಲ್ಲಿದೆ. ಅಲ್ಲಿ ಹತ್ತಾರು ದೇಶಗಳು ಒಪ್ಪಬೇಕು. ಇಲ್ಲಿನ ಈ ನಾಲ್ಕು ಬಂದರುಗಳೂ ಒಂದೇ ದೇಶದವು, ಒಂದೇ ಮಂತ್ರಾಲಯದ ಅಡಿಯವು. ಕನಿಷ್ಠ ಶುಲ್ಕ, ಕಸದ ಹೊಣೆ, ದಿನವೊಂದಕ್ಕೆ ಇಳಿಯುವವರ ಮಿತಿ, ಕರಾವಳಿ ಮತ್ತು ಮಲೆನಾಡಿನ ರೈತರಿಂದ ಖರೀದಿ ಇವನ್ನೆಲ್ಲ ಹಡಗುಗಳು ಸಾಲುಗಟ್ಟುವ ಮೊದಲೇ ನಿಯಮವಾಗಿ ಬರೆಯಲು ಸಾಧ್ಯವಿದೆ. ಧಕ್ಕೆಗೆ ಸಾಲ ತಂದ ಮೇಲೆ ಷರತ್ತು ಹಾಕುವವನು ಹಡಗಿನವನು. ಸಾಲ ತರುವ ಮೊದಲು ಷರತ್ತು ಹಾಕುವವರು ದಡದವರು.

ವಿದ್ಯಾರ್ಥಿಗಳು ತಮ್ಮ ಕರಾವಳಿಯ ಬಂದರು ಯೋಜನೆಗಳ ಪರಿಸರ ವರದಿಗಳನ್ನು ತರಿಸಿ ಓದಬೇಕು. ಸಾರ್ವಜನಿಕ ಅಹವಾಲು ಸಭೆಗಳಿಗೆ ಘಟ್ಟದ ಮೇಲಿನವರೂ ಇಳಿದು ಬರಬೇಕು. ನದಿ ಹುಟ್ಟುವ ಊರಿನವರಿಗೆ ನದಿ ಸೇರುವ ಕಡಲಿನ ಬಗ್ಗೆ ಮಾತಾಡುವ ಹಕ್ಕಿದೆ. ಗ್ರೆನಾಡಾ ಒಂದೂವರೆ ಡಾಲರ್ ಕೇಳಿದಾಗ ಒಂಟಿಯಾಗಿತ್ತು. ಅದರ ಎಡಬಲದ ದ್ವೀಪಗಳು ಆ ದಿನ ಜೊತೆಗೆ ನಿಂತಿದ್ದರೆ ಹಡಗು ಎಲ್ಲಿಗೆ ಹೋಗುತ್ತಿತ್ತು?